ಹೊಗೆಗೂಡಿನ ಮೇಲೆ ಬಿಳಿ ಪಟ್ಟೆ

ಇಂಗ್ಲೆಂಡ್ ದೊರೆಯ ಕೆಂಪು ಕೋಟಿನ ಸೈನಿಕರು ಹಡಗಿನಿಂದ ಇಳಿದಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ಡಾರ್ಕಸ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಜೋಳದ ಗಂಜಿ ಇಟ್ಟು ಬಾಗಿಲಿಗೆ ಬರುವಳು, ದಾರಿ ನೋಡುವಳು, ಮತ್ತೆ ಒಳಗೆ ಹೋಗಿ ಅತ್ತೆಯ ಹೊದಿಕೆ ಸರಿಮಾಡುವಳು. ಗಂಡ ಜೇಡಕ್ ಚರ್ಮ ಹದ ಮಾಡುವ ಕಸುಬು ಬಿಟ್ಟು, ದೊರೆಯ ವಿರುದ್ಧ ಕೋವಿ ಹೊತ್ತು ಹಡ್ಸನ್ ನದಿಯ ಕಡೆ ಹೋಗಿ ಒಂದು ಚಳಿಗಾಲವೇ ಕಳೆದಿತ್ತು. ಎತ್ತು, ಗಾಡಿ ಎರಡನ್ನೂ ಊರಿನ ಪಡೆಯವರು ಹೊಡೆದುಕೊಂಡು ಹೋಗಿದ್ದರು. ಅತ್ತೆ ಹೆಫ್ಜಿಬಾ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಊರು ಬಿಟ್ಟು ಓಡುವ ಮಾತೇ ಇರಲಿಲ್ಲ.

ಕನೆಕ್ಟಿಕಟ್‌ನ ಆ ಪುಟ್ಟ ಊರನ್ನು ಹುಡುಕಿಕೊಂಡು ಬರಲು ದೊರೆಯ ಸೈನ್ಯಕ್ಕೆ ಕಾರಣವಿತ್ತು. ದೊರೆಯ ವಿರುದ್ಧ ಎದ್ದವರಿಗೆಂದು ಕೂಡಿಟ್ಟ ಹಿಟ್ಟು, ಉಪ್ಪು ಹಚ್ಚಿದ ಹಂದಿಮಾಂಸ, ಡೇರೆ ಬಟ್ಟೆ ಎಲ್ಲವೂ ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿತ್ತು.

ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಅವಳ ಅಣ್ಣ ಎಲೈಹು ಬಂದ. ಎಡಗಾಲು ಎಳೆಯುತ್ತಾ ನಡೆಯುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ, ದೊರೆಗೆ ನಿಷ್ಠನೆಂದು ಎಲ್ಲರೆದುರು ಹೇಳಿದ್ದಕ್ಕೆ, ಊರವರು ಅವನ ಮೈಗೆ ಡಾಂಬರು ಬಳಿದು, ಪುಕ್ಕ ಅಂಟಿಸಿ, ಬೇಲಿಯ ಗಳುವಿನ ಮೇಲೆ ಕೂರಿಸಿ ಊರೆಲ್ಲ ಮೆರೆಸಿದ್ದರು. ಮುಂದೆ ನಿಂತು ಮಾಡಿಸಿದವನು ಡಾರ್ಕಸ್‌ಳ ಕೇರಿಯ ಕೊನೆಯ ಮನೆಯ ಏಮಸ್. ಜೇಡಕ್ ಕೈ ಹಚ್ಚಿರಲಿಲ್ಲ, ಆದರೆ ಗುಂಪಿನಲ್ಲಿ ನಿಂತಿದ್ದ. ಒಂದು ಮಾತೂ ಆಡಿರಲಿಲ್ಲ.

ಎಲೈಹು ಕೂರಲಿಲ್ಲ, ನೀರೂ ಕುಡಿಯಲಿಲ್ಲ.

"ಹೊಗೆಗೂಡಿಗೆ ಸುಣ್ಣದ ಪಟ್ಟೆ ಬಳಿ ತಂಗಿ, ದಾರಿಗೆ ಕಾಣೋ ಹಾಗೆ. ಪಟ್ಟೆ ಇರೋ ಮನೆ ಮುಟ್ಟಬಾರ್ದು ಅಂತ ಹುಕುಂ ಆಗಿದೆ."

ಅದು ನಿನಗೆ ಹೇಗೆ ಗೊತ್ತು ಎಂದು ಅವಳು ಕೇಳಿದಳು. ಅವರಿಗೆ ದಾರಿ ತೋರಿಸುವವನು ತಾನೇ ಎಂದು ಅವನು ನೆಲ ನೋಡಿಕೊಂಡು ಹೇಳಿದ. ಉಳಿದವರ ಗತಿ ಏನೆಂದು ಅವಳು ಕೇಳುವಷ್ಟರಲ್ಲಿ ಹಿತ್ತಿಲು ದಾಟಿದ್ದ.

ಗೋಡೆಯಾಚೆಗಿನ ಮಾತೆಲ್ಲ ಹೆಫ್ಜಿಬಾಳ ಕಿವಿಗೆ ಬಿದ್ದಿತ್ತು.

"ಆ ಹಾಳು ದೊರೆಯ ಗುರುತು ನನ್ನ ಮಗನ ಮನೆ ಮೇಲಾ? ಸುಡ್ಲಿ ಬಿಡು. ನಾನೂ ಜೊತೇಲೇ ಬೂದಿ ಆಗ್ತೀನಿ."

"ಆಮೇಲೆ ನಿಮ್ಮ ಮಗಂಗೆ ನಾನೇನು ಹೇಳ್ಲಿ ಅತ್ತೆ?"

"ಕೊನೆಗೂ ಮುದುಕಿ ಬಾಯಿ ಮುಚ್ತು ಅನ್ನು. ಖುಷಿ ಪಡ್ತಾನೆ."

ಡಾರ್ಕಸ್‌ಗೆ ನಗು ಬರಲಿಲ್ಲ. ತೊಗಲಿನ ಕೂದಲು ತೆಗೆಯುವ ಗುಂಡಿಯಲ್ಲಿ ಸುಣ್ಣ ಇದ್ದೇ ಇತ್ತು. ಬಕೆಟ್ಟು ತುಂಬಿಕೊಂಡು, ಲಂಗ ಎತ್ತಿ ಕಟ್ಟಿ, ಏಣಿ ಹಾಕಿ ಮಾಡು ಹತ್ತಿದಳು. ಗಾಳಿ ಜೋರಾಗಿತ್ತು. ಬಳಿದ ಪಟ್ಟೆ ಒಣಗುತ್ತಾ ಬಂದಂತೆ ಬೆಳ್ಳಗೆ ಎದ್ದು ಕಂಡಿತು. ಅಲ್ಲಿಂದಲೇ ಅವಳಿಗೆ ಇಡೀ ಕೇರಿ ಕಾಣಿಸಿತು: ಸಾಲಾಗಿ ಬೋಳು ಹೊಗೆಗೂಡುಗಳು, ಅಂಗಳದಲ್ಲಿ ಪಾತ್ರೆ ಹೂಳುತ್ತಿದ್ದ ಹೆಂಗಸರು. ಕೆಲಸ ಮುಗಿದಿತ್ತು, ಇಳಿದು ಒಳಗೆ ಹೋಗಬಹುದಿತ್ತು. ಕಾಲು ಕೇಳಲಿಲ್ಲ. ಇಳಿದವಳೇ ಏಣಿಯನ್ನು ಪಕ್ಕದ ಮನೆಗೆ ಎಳೆದುಕೊಂಡು ಹೋದಳು.

ಒಂದೊಂದೇ ಮನೆ ಮಾಡುತ್ತಾ ಬಂದಳು. ಕೆಲವರು ಏಣಿ ಹಿಡಿದುಕೊಂಡರು, ಕೆಲವರು ದೊರೆಯ ಕಡೆಯವನ ತಂಗಿ ಎಂದು ಮೂಗು ಮುರಿದರೂ ಬೇಡವೆನ್ನಲಿಲ್ಲ. ಕೊನೆಗೆ ಉಳಿದದ್ದು ಏಮಸ್‌ನ ಮನೆ. ಏಮಸ್ ಕೂಡ ಜೇಡಕ್‌ನ ಜೊತೆಯೇ ಯುದ್ಧಕ್ಕೆ ಹೋಗಿದ್ದ. ಹೆಂಡತಿ ಪ್ರೂಡೆನ್ಸ್ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವಳು, ಬಾಯಿಬಿಟ್ಟು ಕೇಳಲಾರದೆ ಕಣ್ಣಲ್ಲೇ ಕೇಳುತ್ತಿದ್ದಳು. ಡಾರ್ಕಸ್ ಅಲ್ಲಿಗೂ ಏಣಿ ಹಾಕಿದಳು.

ಅವಳಿನ್ನೂ ಮಾಡಿನ ಮೇಲಿರುವಾಗಲೇ ಡೋಲಿನ ಸದ್ದು ಕೇಳಿತು. ಮಂದಿರದ ಕಡೆಯಿಂದ ಕಪ್ಪು ಹೊಗೆ ಎದ್ದಿತು, ಹಂದಿಕೊಬ್ಬು ಸುಟ್ಟ ವಾಸನೆ ಊರೆಲ್ಲ ಹಬ್ಬಿತು. ಆಮೇಲೆ ಸೈನಿಕರ ಒಂದು ತಂಡ ಕೇರಿಗೆ ತಿರುಗಿತು. ಅವರ ಮುಂದೆ ಎಲೈಹು.

ಕುದುರೆಯ ಮೇಲಿದ್ದ ಅಧಿಕಾರಿ ಹೊಗೆಗೂಡುಗಳನ್ನು ನೋಡಿ, ಇಡೀ ಕೇರಿ ದೊರೆಯ ಕಡೆಯೇ ಎಂದು ಕೇಳಿದ. ಎಲೈಹು ತಲೆ ಎತ್ತಿದ. ಮಾಡಿನಿಂದ ಇಳಿದು, ಬಕೆಟ್ಟು ಹಿಡಿದು ಕೊನೆಯ ಮನೆಯ ಮುಂದೆ ನಿಂತಿದ್ದ ತಂಗಿಯನ್ನು, ಮೊಣಕೈವರೆಗೂ ಬೆಳ್ಳಗಾಗಿದ್ದ ಅವಳ ಕೈಯನ್ನು ನೋಡಿದ.

ಹೌದು ಎಂದ. ತಂಡ ಮುಂದೆ ನಡೆಯಿತು. ಒಂದು ಮನೆ ದಾಟಿತು, ಇನ್ನೊಂದು ದಾಟಿತು. ಡಾರ್ಕಸ್‌ಳ ಉಸಿರು ಸಡಿಲವಾಗುತ್ತಿರುವಾಗಲೇ ಏಮಸ್‌ನ ಮನೆಯ ಮುಂದೆ ಎಲೈಹು ನಿಂತುಬಿಟ್ಟ.

"ಇದೊಂದು ಸುಳ್ಳು," ಎಂದ.

ಡಾರ್ಕಸ್ ಮುನ್ನುಗ್ಗಿ ಅವನ ತೋಳು ಹಿಡಿದಳು. "ಏಮಸ್ ಒಳಗಿಲ್ಲ ಅಣ್ಣ. ಬರೀ ಬಾಣಂತಿ, ಕೂಸು."

"ಗೊತ್ತು. ನನ್ನನ್ನ ಹೊತ್ತು ಮೆರೆಸಿದಾಗ ಅವಳು ಕಿಟಕೀಲಿ ನಿಂತು ನೋಡ್ತಿದ್ಲು. ನಿನ್ನ ಕಿಟಕಿ ಮುಚ್ಚಿತ್ತು."

ಅವಳ ಕೈ ತಾನಾಗಿ ಜಾರಿತು. ಅಂದು ಮುಚ್ಚಿದ ಕಿಟಕಿಯ ಹಿಂದೆ ನಿಂತು, ಅಣ್ಣನ ಕೂಗು ದೂರವಾಗುವವರೆಗೂ ಅವಳು ಕಿವಿ ಮುಚ್ಚಿಕೊಂಡಿದ್ದಳು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನ ಬಂದಿದ್ದ.

ಪ್ರೂಡೆನ್ಸ್ ಕೂಸು, ತೊಟ್ಟಿಲು ಎರಡನ್ನು ಮಾತ್ರ ಹೊರಗೆ ತಂದಳು. ಮನೆ ಬೇಗ ಹತ್ತಿಕೊಂಡಿತು. ಸೈನಿಕರು ಕಡಲಿನ ದಾರಿ ಹಿಡಿದಾಗ ಎಲೈಹು ಅವರ ಜೊತೆಯೇ ಹೋದ. ಇನ್ನು ಆ ಊರಿನಲ್ಲಿ ಅವನು ಒಂದು ದಿನವೂ ಬದುಕುವ ಹಾಗಿರಲಿಲ್ಲ. ತಿರುಗಿ ನೋಡಿದನೋ ಇಲ್ಲವೋ, ಹೊಗೆಯಲ್ಲಿ ಡಾರ್ಕಸ್‌ಗೆ ಕಾಣಲಿಲ್ಲ.

ಪ್ರೂಡೆನ್ಸ್ ಯುದ್ಧ ಮುಗಿಯುವವರೆಗೂ ಡಾರ್ಕಸ್‌ಳ ಮನೆಯಲ್ಲೇ ಉಳಿದಳು. ಹೆಫ್ಜಿಬಾ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅದಕ್ಕೆ ಅರ್ಥವಾದರೂ ಆಗದಿದ್ದರೂ ದೊರೆಯನ್ನು ಬಯ್ಯುವುದನ್ನು ಕಲಿಸಿದಳು. ಹೆಂಗಸರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿದರು, ಒಂದೇ ರಾಟೆಯಲ್ಲಿ ನೂತರು. ಎಲೈಹುವಿನ ಹೆಸರು ಮಾತ್ರ ಯಾರ ಬಾಯಿಗೂ ಬರಲಿಲ್ಲ. ಅವನು ದೊರೆಯ ಕೈಯಲ್ಲೇ ಇದ್ದ ನೋವಾ ಸ್ಕೋಷಿಯಾಕ್ಕೆ ಹೋಗುವ ಹಡಗು ಹತ್ತಿದ ಎಂದು ಯಾರೋ ಮೀನುಗಾರ ಹೇಳಿದ, ಅಷ್ಟೇ.

ಜೇಡಕ್ ಬಂದ, ಏಮಸ್ ಬಂದ, ದೇಶ ತಮ್ಮದಾಯಿತು. ಓಡಿಹೋದವರ ಆಸ್ತಿಯನ್ನು ಊರು ಹರಾಜು ಹಾಕಿದಾಗ ಎಲೈಹುವಿನ ಹೊಲ ಏಮಸ್‌ನ ಪಾಲಾಯಿತು. ಆ ಹೊಲದಲ್ಲೇ ಅವನ ಹೊಸ ಮನೆ ಕಟ್ಟಲು ತೊಲೆ ಎತ್ತುವ ದಿನ ಊರಿಗೆ ಊರೇ ಸೇರಿತ್ತು. ಡಾರ್ಕಸ್ ಬೆಳಿಗ್ಗೆಯಿಂದ ಬೀನ್ಸ್ ಬೇಯಿಸಿ ಹೊತ್ತು ತಂದಳು, ಎಲ್ಲರಿಗೂ ಬಡಿಸಿದಳು. ಗಂಡಸರು ಮೊದಲ ತೊಲೆ ನಿಲ್ಲಿಸಿ ಜೈಕಾರ ಹಾಕಿದಾಗ ಪ್ರೂಡೆನ್ಸ್ ಅವಳ ಪಕ್ಕ ಬಂದು, ಸ್ವಲ್ಪ ಕೂತ್ಕೋ, ಕಾಲು ನೋಯೋದಿಲ್ವಾ ಎಂದು ಕೇಳಿದಳು.

ನೋಯುತ್ತಿತ್ತು. ಆದರೂ ಆ ನೆಲದ ಮೇಲೆ ಕೂರಲು ಅವಳಿಂದ ಆಗಲಿಲ್ಲ. ಖಾಲಿ ಪಾತ್ರೆ ಎತ್ತಿಕೊಂಡು, ಇನ್ನಷ್ಟು ತರುತ್ತೇನೆಂದು ಮನೆಯ ಕಡೆ ಹೊರಟಳು.