ಶಿವರುದ್ರಮ್ಮನ ಕರಡಿಗೆ

ಎಡಗೈಯ ಬೆರಳುಗಳು ಮಡಿಸಲು ಬರಲಿಲ್ಲ. ಮಂಗಳಮ್ಮ ಬಿಸಿನೀರು ಸುರಿದು, ಉಜ್ಜಿ, ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಒತ್ತಿ ನೋಡಿದಳು. ಅಂಗೈ ಜಗ್ಗಲಿಲ್ಲ. ಯಾರೋ ಏನೋ ಕೊಡುತ್ತಾರೆಂದು ಕಾದ ಹಾಗೆ ಮೇಲ್ಮುಖವಾಗಿ, ಕುಳಿ ಬಿದ್ದು, ಹಾಗೇ ಸೆಟೆದುಕೊಂಡಿತ್ತು.

"ಬುಡು ದೊಡ್ಡವ್ವ, ನೋವಾದಾತು," ಎಂದಳು ನೀಲಾಂಬಿಕೆ. ಹೇಳಿದ ಮೇಲೆ, ತಾಯಿಗೆ ಇನ್ನು ನೋವೆಲ್ಲಿಯದು ಎಂದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಿನ್ನೆ ಸಂಜೆ ಜೀವ ಹೋದ ಕೂಡಲೇ ಶಿವರುದ್ರಮ್ಮನನ್ನು ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗಾಯತರ ಮನೆಯಲ್ಲಿ ಸತ್ತವರು ಮಲಗುವುದಿಲ್ಲ, ಕೂತೇ ಮಣ್ಣಿಗೆ ಹೋಗುತ್ತಾರೆ. ಈಗ ಹಿತ್ತಲಲ್ಲಿ ಸೀರೆ ಕಟ್ಟಿದ ಮರೆಯೊಳಗೆ, ಮಣೆಯ ಮೇಲೆ ಕೂತು ಅವಳು ಕೊನೆಯ ಸ್ನಾನ ಮಾಡಿಸಿಕೊಳ್ಳುತ್ತಿದ್ದಳು. ಮಾಡಿಸುತ್ತಿದ್ದವಳು ವಾರಗಿತ್ತಿ ಮಂಗಳಮ್ಮ. ಅಣ್ಣ ಕಂಠಪ್ಪನ ಹೆಂಡತಿ ಮಂಗಳಮ್ಮ, ತಮ್ಮ ಷಣ್ಮುಖಪ್ಪನ ಹೆಂಡತಿ ಶಿವರುದ್ರಮ್ಮ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು.

"ಕರಡಿಗೆನೂ ತೊಳ್ದುಬುಡು ದೊಡ್ಡವ್ವ. ನಾನು ಇಬೂತಿ ತತ್ತೀನಿ," ಎಂದು ನೀಲಾಂಬಿಕೆ ಒಳಗೆ ಹೋದಳು.

ಕೊರಳ ಶಿವದಾರದಲ್ಲಿ ಬೆಳ್ಳಿ ಕರಡಿಗೆ ನೇತಾಡುತ್ತಿತ್ತು. ತೊಳೆಯುವ ಮೊದಲು ಒಳಗಿನ ಇಷ್ಟಲಿಂಗವನ್ನು ತೆಗೆದಿಡೋಣವೆಂದು ಮಂಗಳಮ್ಮ ಮುಚ್ಚಳ ಬಿಚ್ಚಿದಳು. ಲಿಂಗ ಇರಲಿಲ್ಲ. ತಳದಲ್ಲಿ ಮೆತ್ತಿದ ವಿಭೂತಿ, ಅದರ ನಡುವೆ ಒಂದು ಹೆಬ್ಬೆರಳಿನ ಗುರುತು, ಅಷ್ಟೇ.

ಮಂಗಳಮ್ಮ ಸೀರೆಯ ಮರೆಯಾಚೆ ಒಮ್ಮೆ ತಿರುಗಿ ನೋಡಿದಳು. ಆ ಲಿಂಗ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಹದಿನೈದು ವರ್ಷದಿಂದ ಅದು ಅವಳದೇ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಕೂತಿತ್ತು. ಗೊತ್ತಿಲ್ಲದಿದ್ದದ್ದು ಈ ಖಾಲಿ ಕರಡಿಗೆ. ಅದರ ಬದಲಿಗೆ ಶಿವರುದ್ರಿ ಬೇರೆ ಲಿಂಗ ಕಟ್ಟಿಸಿಕೊಂಡಿರುತ್ತಾಳೆ ಎಂದು ಅವಳು ನಂಬಿದ್ದಳು. ನೀಲಾಂಬಿಕೆ ಬರುವ ಮೊದಲೇ ಮುಚ್ಚಳ ಹಾಕಿದಳು.

*

ಅದು ಅರವತ್ತೆರಡನೇ ಇಸವಿ. ಹುಣಸೂರಿನ ಆ ಸೀಮೆಯಲ್ಲಿ ಅವರ ಊರಿಗೆ ಹೊಗೆಸೊಪ್ಪು ಒಣಗಿಸುವ ಮೊದಲ ಬ್ಯಾರನ್ ಕಟ್ಟಿದ ಬೇಸಿಗೆ. ಅತ್ತೆಗೆ ಮಂಡಿನೋವು ಹೆಚ್ಚಾಗಿ, ಉಗ್ರಾಣದ ಬೀಗದಕೈಯನ್ನು ಹಿರಿಸೊಸೆಯ ಕಣ್ಣೆದುರಿಗೇ ಕಿರಿಸೊಸೆಯ ಸೊಂಟಕ್ಕೆ ಸಿಕ್ಕಿಸಿದರು. ಒಂದು ಮಾತು ಕೇಳಲಿಲ್ಲ. ಮಂಗಳಮ್ಮನ ಹೊಟ್ಟೆಗೆ ಕಿಚ್ಚು ಬಿತ್ತು. ಅವಳೇನು ಕೆಟ್ಟ ಹೆಂಗಸಲ್ಲ. ಆದರೆ ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಶಿವರುದ್ರಮ್ಮ ಗೋಡೆಯ ಕಡೆ ಮುಖ ಮಾಡಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ಮೂರು ವರ್ಷದ ನೀಲಾಂಬಿಕೆ ಒರಳುಕಲ್ಲಿನ ಮೇಲೆ ಬಿದ್ದು ಕಿಟಾರನೆ ಕಿರುಚಿತು. ಹೆತ್ತ ಕರುಳು, ಕೆಳಗಿಡಬಾರದ್ದನ್ನು ಮಣೆಯ ಮೇಲಿಟ್ಟು ಓಡಿತು. ಅದೇ ಹೊತ್ತಿಗೆ ಹಾಯ್ದುಹೋಗುತ್ತಿದ್ದ ಮಂಗಳಮ್ಮ ಬಗ್ಗಿ ಲಿಂಗವನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶಿವರುದ್ರಿ ಒಂದು ಗಳಿಗೆ ಅಳಲಿ, ಆಮೇಲೆ ಇಟ್ಟರಾಯಿತು ಎಂದಷ್ಟೇ ಅಂದುಕೊಂಡಿದ್ದಳು.

ಈಗ ಇಡೋಣ ಎನ್ನುವಷ್ಟರಲ್ಲಿ ಅತ್ತೆ ಬಂದರು. ಅತ್ತೆ ಆಚೆ ಹೋದರು ಎನ್ನುವಷ್ಟರಲ್ಲಿ ಮಾವ ಬಂದರು, ಮಾವನ ಹಿಂದೆ ಕೇರಿಯೇ ಬಂತು. ಒಲೆಯ ಬೂದಿ ಜರಡಿಯಾಡಿದರು, ತಿಪ್ಪೆ ಕೆದಕಿದರು. ಲಿಂಗ ಕಾಣದೆ ತೊಟ್ಟು ನೀರೂ ಮುಟ್ಟೆನೆಂದು ಶಿವರುದ್ರಮ್ಮ ಕೂತುಬಿಟ್ಟಳು. ಒಂದು ದಿನ, ಎರಡು ದಿನ. ಮೂರನೆಯ ದಿನ ಅವಳ ತುಟಿ ಬಿರಿದು ರಕ್ತ ಜಿನುಗಿತು.

ಅವತ್ತು ಸಂಜೆ ಮಾವ ಜಗಲಿಯಲ್ಲಿ ನಿಂತು ಹೇಳಿದರು: "ನಾಳಿಕೆ ಎಲ್ರೂ ಮಠದ ಗದ್ಗೆ ಮುಟ್ಟಿ ಆಣೆ ಮಾಡ್ಬೇಕು. ಕದ್ದೋರು ಯಾರೇ ಆಗ್ಲಿ, ಈ ಮನೇಲಿ ಇರಂಗಿಲ್ಲ."

ಬೆಳಕು ಹರಿಯುವ ಹೊತ್ತಿಗೆ ಶಿವರುದ್ರಮ್ಮ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು. ಕೊರಳಲ್ಲಿ ಕರಡಿಗೆ ಮುಚ್ಚಿತ್ತು. "ಸಿಕ್ತು ಮಾವ. ಮಗೀನ ಬಟ್ಟೆ ಒಳಗೇ ಇತ್ತು," ಎಂದಳು. ಆಮೇಲೆ ತಿರುಗಿ, "ಅಕ್ಕಾ, ವಸಿ ನೀರು ಕೊಡು," ಎಂದಳು.

ಮಂಗಳಮ್ಮ ಕೊಟ್ಟಳು. ಚೊಂಬಿನ ಅಂಚಿನ ಮೇಲಿಂದ ಶಿವರುದ್ರಮ್ಮ ಒಂದು ಸಲ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಶಿವರುದ್ರಮ್ಮ ಕೃಷ್ಣರಾಜನಗರದ ಹತ್ತಿರದ ತವರಿಗೆ ಹೋಗಿ ಬಂದಾಗ, ಅಲ್ಲಿಯ ಗುರುಗಳಿಂದ ಬೇರೆ ಲಿಂಗ ಪಡೆದಿರುತ್ತಾಳೆ ಬಿಡು ಎಂದು ಮಂಗಳಮ್ಮ ತನಗೆ ತಾನೇ ಹೇಳಿಕೊಂಡಳು. ಹದಿನೈದು ವರ್ಷ ಆ ಮಾತನ್ನೇ ಹಿಡಿದುಕೊಂಡು ಬದುಕಿದಳು. ಹಿಡಿತ ಸಡಿಲಾಗುತ್ತಿದ್ದದ್ದು ಬೆಳಗಿನ ಹೊತ್ತು. ಗೋಡೆಗೆ ಮುಖ ಮಾಡಿ ಕೂತ ಆ ಬೆನ್ನು ಕಂಡಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲೇ ಇಲ್ಲ. ಒಮ್ಮೆ ಮಂಗಳಮ್ಮ ಲಿಂಗವನ್ನು ಲಕ್ಷ್ಮಣತೀರ್ಥಕ್ಕೆ ಹಾಕಿಬಿಡಲು ಹೊಳೆಯವರೆಗೂ ಹೋದಳು. ಮೊಣಕಾಲುದ್ದ ನೀರಲ್ಲಿ ಬಹಳ ಹೊತ್ತು ನಿಂತು, ಹಾಗೇ ಸೆರಗಿಗೆ ಕಟ್ಟಿಕೊಂಡು ವಾಪಸು ಬಂದಳು.

*

ನಡುಮನೆಯಲ್ಲಿ ಶಿವರುದ್ರಮ್ಮನನ್ನು ಹೊಸ ಸೀರೆ ಉಡಿಸಿ, ಹಣೆತುಂಬ ವಿಭೂತಿ ಬಳಿದು ಕೂರಿಸಿದ್ದರು. ಇಷ್ಟು ವರ್ಷ ಬೆನ್ನು ತೋರಿಸಿದವಳು ಇವತ್ತು ಎದುರಿಗೇ ಕೂತಿದ್ದಳು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಮಂಗಳಮ್ಮ ಎಲ್ಲಿ ಹೋಗಿ ಕೂತರೂ ಆ ಸಣ್ಣ ಬಿರುಕು ಅವಳ ಕಡೆಗೇ ಇತ್ತು.

"ಈಗ ಎದ್ದು, ಕಾಪಿ ಕುಡೀರಿ ಅನ್ನಂಗವ್ಳೆ ನೋಡು," ಎಂದು ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಮೂಗು ಒರೆಸಿಕೊಂಡಳು. "ಕೊನೇಲಿ ಏನಾರ ಏಳುದ್ಲೇನವ್ವ?"

"ಮಾತು ನಿಂತೋಗಿತ್ತು," ಎಂದಳು ನೀಲಾಂಬಿಕೆ. "ಎಡಗೈ ಚಾಚೋಳು. ನೀರು ಕೊಟ್ರೆ ಬ್ಯಾಡ ಅನ್ನೋಳು. ದೊಡ್ಡವ್ವ ಕೈ ಇಡ್ಕಂಡ್ರೆ ಬುಡುಸ್ಕಂಡು ಮತ್ತೆ ಅವ್ರ ಕಡೀಕೇ ಚಾಚೋಳು. ಏನು ಬೇಕಿತ್ತೋ ಕಾಣೆ."

ಮಂಗಳಮ್ಮ ಎದ್ದು ಒಳಗೆ ಹೋದಳು. ಟ್ರಂಕು ತೆಗೆದು, ಸೀರೆಯ ಮಡಿಕೆ ಬಿಚ್ಚಿ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಸೆರಗಿನಡಿ ಮರೆಮಾಡಿಕೊಂಡು ಬಂದಳು. ಹಾರ ಸರಿಮಾಡುವ ನೆವದಲ್ಲಿ ಶವದ ಮುಂದೆ ಬಗ್ಗಿದಳು. ಮುಚ್ಚಳ ತೆಗೆಯುವುದು, ಹಾಕುವುದು. ಒಂದು ಉಸಿರಿನ ಕೆಲಸ. ಅವಳದು ಅವಳಿಗೆ ಸೇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹೆಬ್ಬೆರಳು ಕರಡಿಗೆಯ ಮೇಲೆ ಹೋಯಿತು.

ಕದ್ದು ತಂದದ್ದನ್ನು ಕದ್ದೇ ಇಟ್ಟರೆ ಅದು ಕೊಟ್ಟಂತಾಯಿತೆ? ಇಡುವ ಧೈರ್ಯವೂ ಬರಲಿಲ್ಲ, ಹೇಳುವ ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಹೊರುವವರು ಒಳಗೆ ಬಂದರು.

*

ಬ್ಯಾರನ್ನಿನ ಹಿಂದಿನ ಹೊಲದಲ್ಲಿ ಗುಂಡಿ ತೋಡಿದ್ದರು. ಗುಂಡಿಯ ಬದಿಯಲ್ಲಿ ಕೊರೆದ ಗೂಡಿನೊಳಗೆ ಶಿವರುದ್ರಮ್ಮನನ್ನು ಕೂರಿಸಿದ ಮೇಲೆ ಅಯ್ಯನವರು ವೀರಭದ್ರಸ್ವಾಮಿ ಗುಂಡಿಗಿಳಿದರು. ಲಿಂಗವನ್ನು ಎಡಗೈಗೆ ಇಡಲು ಕರಡಿಗೆ ಬಿಚ್ಚಿದರು. ಒಳಗೆ ನೋಡಿದರು, ಅಂಗೈ ಮೇಲೆ ಬೋರಲು ಹಾಕಿದರು. ಬೂದಿ ಉದುರಿತು.

"ಷಣ್ಮುಖಪ್ಪ, ಲಿಂಗ ಎಲ್ಲಪ್ಪ?"

ಷಣ್ಮುಖಪ್ಪ ಬಾಯಿ ತೆರೆದು ನಿಂತ. ಜನರಲ್ಲಿ ಗುಜುಗುಜು ಎದ್ದಿತು.

"ಲಿಂಗ ಇಲ್ದೆ ಇಷ್ಟು ದಿನ ಉಂಡವ್ಳಾ?"

"ಎಲ್ಲಾರ್ಗೂ ಮಂಕುಬೂದಿ ಎರಚವ್ಳೆ ಕಣ್ಲಾ!"

"ನಮ್ಮವ್ವ ದಿನಾ ಪೂಜೆ ಮಾಡೋಳು!" ಎಂದು ನೀಲಾಂಬಿಕೆ ಚೀರಿದಳು. "ನಾನೇ ಕಂಡಿವ್ನಿ!"

"ನೀನು ಕಂಡಿರಾದು ಬೆನ್ನ ಕಣವ್ವ," ಎಂದಿತು ಒಂದು ಮುದಿದನಿ.

ಅಯ್ಯನವರು ಮೇಲೆ ನೋಡಿದರು. "ಇದು ಇತ್ಯರ್ಥ ಆಗ್ದೆ ನಾನು ಮಣ್ಣು ಹಾಕ್ಸಾಕಾಗಕಿಲ್ಲ."

ಗುಂಡಿಯೊಳಗೆ ಶಿವರುದ್ರಮ್ಮ ಕೈ ಚಾಚಿಕೊಂಡು ಕೂತಿದ್ದಳು. ಬದುಕಿರುವಾಗ ಯಾರ ಬಾಯಿಂದ ಮಂಗಳಮ್ಮನನ್ನು ಉಳಿಸಿದ್ದಳೋ, ಅವೇ ಬಾಯಿಗಳು ಈಗ ಅವಳನ್ನು ಅಗಿಯುತ್ತಿದ್ದವು. ಇದನ್ನು ಮಂಗಳಮ್ಮನಿಂದ ನೋಡಲಾಗಲಿಲ್ಲ.

"ಅವಳ್ದಲ್ಲ ತಪ್ಪು," ಎಂದಳು. ಯಾರಿಗೂ ಕೇಳಿಸಲಿಲ್ಲ. ಮುಂದೆ ಬಂದು, ಸೆರಗಿನಡಿ ಹಿಡಿದೇ ತಂದಿದ್ದ ಮುಷ್ಟಿ ಬಿಚ್ಚಿದಳು. "ಬುದ್ಧಿ, ಲಿಂಗ ಇಲ್ಲಿ ಅದೆ. ಕದ್ದೋಳು ನಾನು."

"ಏನಂದೆ?" ಎಂದ ಕಂಠಪ್ಪ.

"ಬೀಗದಕೈ ಅವ್ಳಿಗೆ ಕೊಟ್ರು ಅಂತ ಕದ್ದೆ. ಅವ್ಳಿಗೆ ಗೊತ್ತಿತ್ತು. ನನ್ನ ಮನೆ ಬುಡುಸ್ತಾರೆ ಅಂತ ಸಿಕ್ತು ಅಂದ್ಲು. ಬರೀ ಕೈಗೆ ಪೂಜೆ ಮಾಡ್ಕಂಡು, ಇವತ್ತು ಕೊಟ್ಟಾಳು ನಾಳೆ ಕೊಟ್ಟಾಳು ಅಂತ ಕಾದ್ಲು. ನಿನ್ನೆ ಕೈ ಚಾಚಿ ಕೇಳುದ್ಲು. ಆಗ್ಲೂ ನಂಗೆ ತಿಳೀನಿಲ್ಲ."

ಕಂಠಪ್ಪ ತಲೆ ತಗ್ಗಿಸಿದ. ಅಯ್ಯನವರು ಲಿಂಗ ತೆಗೆದುಕೊಳ್ಳಲು ಕೈ ನೀಡಿದವರು, ಶಿವರುದ್ರಮ್ಮನ ಅಂಗೈ ನೋಡಿ ಹಿಂದಕ್ಕೆ ಎಳೆದುಕೊಂಡರು.

"ನನ್ನ ಕೇಳ್ಲಿಲ್ಲ ಆಯಮ್ಮ. ನೀನೇ ಇಳಿಯವ್ವ," ಎಂದು ಮೇಲಕ್ಕೆ ಹತ್ತಿ ಬಂದರು.

ಮಂಗಳಮ್ಮ ಅಂಚು ಹಿಡಿದು ಜಾರಿದಳು. ಒಳಗೆ ಇಬ್ಬರಿಗೇ ಆಗುವಷ್ಟು ಜಾಗ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಲಿಂಗವನ್ನು ಆ ತಣ್ಣಗಿನ ಅಂಗೈಯಲ್ಲಿಟ್ಟಳು. ಅದು ಅಲುಗದೆ ಕೂತಿತು.

"ತಕ್ಕೊ ರುದ್ರಿ. ತಡ ಮಾಡ್ಬುಟ್ಟೆ. ತಪ್ಪಾಯ್ತು ಕಣೆ."

ಅರೆತೆರೆದ ಕಣ್ಣುಗಳನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಎದೆಯೊಳಗೆ ಹದಿನೈದು ವರ್ಷ ಹೊಯ್ದಾಡಿದ್ದು ಸುಮ್ಮನಾಗಿತ್ತು. ಅಳು ಕೂಡ ಬರಲಿಲ್ಲ. ಮೇಲಿರುವವರು ಇನ್ನು ಮನೆಗೆ ಸೇರಿಸುತ್ತಾರೋ ಇಲ್ಲವೋ, ಆ ಯೋಚನೆಯೂ ಬರಲಿಲ್ಲ.

ಎದ್ದು ನಿಂತಳು. ಗುಂಡಿ ಆಳವಾಗಿತ್ತು, ಹತ್ತಲು ಆಗಲಿಲ್ಲ. ಷಣ್ಮುಖಪ್ಪ ಕದಲಲಿಲ್ಲ, ಕಂಠಪ್ಪನೂ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಅಂಚಿನಲ್ಲಿ ನೀಲಾಂಬಿಕೆ ಮಂಡಿಯೂರಿದಳು. ಬಲಗೈಯಲ್ಲಿ ಗುಂಡಿಗೆ ಹಾಕಲೆಂದು ಹಿಡಿದ ಬಿಲ್ವಪತ್ರೆ ಇತ್ತು. ಮುಖವನ್ನು ಆಚೆ ತಿರುಗಿಸಿಕೊಂಡೇ ಅವಳು ಎಡಗೈಯನ್ನು ಕೆಳಕ್ಕೆ ಚಾಚಿದಳು.