ಹೆಬ್ಬಾತಿಗೊಬ್ಬ ಸಾಕ್ಷಿ

ನಮ್ಮ ಯಜಮಾನರು ಮುನಿಆಂಜನಪ್ಪನವರು ಫ್ಯಾಕ್ಟರಿಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದಾಗ ನಾನು ಹೆದರಿದ್ದು ಒಂದೇ ವಿಷಯಕ್ಕೆ. ಇನ್ನು ಈ ಮನುಷ್ಯ ದಿನವಿಡೀ ಅಡುಗೆಮನೆ ಬಾಗಿಲಲ್ಲಿ ನಿಂತು ಸಾರಿಗೆ ಎಷ್ಟು ಹುಳಿ ಹಾಕಬೇಕೆಂದು ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹಕ್ಕಿಗಳು ಬಂದು ನನ್ನನ್ನು ಕಾಪಾಡಿದವು.

ಹಕ್ಕಿಗಳ ಹಿಂದೆ ಬಂದವರು ಬೆನ್ಸನ್ ಟೌನಿನ ಅಸ್ಗರ್ ಸಾಹೇಬರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಪೂರ್ವದ ಕೆರೆಗಳಲ್ಲಿ ಹಕ್ಕಿ ಎಣಿಸುವುದಕ್ಕೆ ಒಂದು ಗುಂಪು ಕಟ್ಟಿಕೊಂಡಿದ್ದರು. ಕೆ.ಆರ್. ಪುರದಾಚೆಯ ನಮ್ಮೂರ ಕೆರೆಗೂ ಸ್ಕೂಟರಿನಲ್ಲಿ ಬಂದರು. ಏರಿಯ ಮೇಲೆ ಕೆಲಸವಿಲ್ಲದೆ ಕೂತಿದ್ದ ನಮ್ಮವರ ಕೈಗೆ ದುರ್ಬೀನು ಕೊಟ್ಟು, "ನೋಡಿ, ನಿಮ್ದೇ ಕೆರೆ" ಎಂದರಂತೆ. ಮರುದಿನವೇ ನಮ್ಮವರು ಶಿವಾಜಿನಗರಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ದುರ್ಬೀನು ತಂದರು. ಅದರ ಬಲಗಣ್ಣಲ್ಲಿ ಹಕ್ಕಿ ಕಾಣುತ್ತಿತ್ತು, ಎಡಗಣ್ಣಲ್ಲಿ ಬರೀ ಮಂಜು. ವಾರದೊಳಗೆ ಎದುರು ಮನೆಯ ಪಿಳ್ಳಪ್ಪ ಭಾವನೂ ಒಂದು ದುರ್ಬೀನು ತಂದರು. ಅದು ಹೊಸದು, ನಮ್ಮದಕ್ಕಿಂತ ಉದ್ದ ಕೂಡ. ಉದ್ದ ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಪಿಳ್ಳಪ್ಪ ಭಾವ ನಮ್ಮವರ ದೊಡ್ಡಪ್ಪನ ಮಗ. ಇಬ್ಬರೂ ಒಂದೇ ಅಂಗಳದಲ್ಲಿ ಬೆಳೆದು, ಇದೇ ಕೆರೆಯಲ್ಲಿ ಎಮ್ಮೆ ಬಾಲ ಹಿಡಿದು ಈಜು ಕಲಿತವರು. ಮಾತು ಬಿಟ್ಟಿದ್ದು ನಮ್ಮ ಮಗಳು ಶ್ವೇತಳ ಮದುವೆಯಲ್ಲಿ. ನಮ್ಮ ಕಡೆ ಲಗ್ನಪತ್ರಿಕೆಯನ್ನು ಮೊದಲು ದೇವರ ಮುಂದಿಡಬೇಕು, ಆಮೇಲೆ ಗಂಡಹೆಂಡಿರು ಮನೆತನದ ಹಿರಿಯರ ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಬಾಯಿತುಂಬ ಕರೆಯಬೇಕು. ನಮ್ಮವರು ಗಡಿಬಿಡಿಯಲ್ಲಿ, ದೂರದೂರಿನವರಿಗೆ ಅಂಚೆಗೆ ಹಾಕುವ ಕಟ್ಟಿನೊಳಗೆ ಭಾವನ ಪತ್ರಿಕೆಯನ್ನೂ ಸೇರಿಸಿಬಿಟ್ಟರು. ನಾವು ಕರೆಯಲು ಹೊರಡುವ ಮೊದಲೇ ಪೋಸ್ಟ್‌ಮ್ಯಾನ್ ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿ, ನಮ್ಮದೇ ಪತ್ರಿಕೆಯನ್ನು ಎದುರು ಮನೆಗೆ ಕೊಟ್ಟು ಹೋದ.

"ರಸ್ತೆ ದಾಟೋಕೆ ಇವ್ನಿಗೆ ಸ್ಟಾಂಪ್ ಬೇಕಾಯ್ತಾ?" ಎಂದು ಭಾವ ಕೂಗಿದ್ದು ಇಡೀ ಬೀದಿಗೆ ಕೇಳಿತು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮವರು, "ಪತ್ರಿಕೆ ತಲುಪ್ತು ತಾನೇ?" ಎಂದರು. ಭಾವ ಮದುವೆಗೆ ಬರಲಿಲ್ಲ. ಧಾರೆಯ ಹೊತ್ತಿನಲ್ಲಿ ನಮ್ಮವರು ಮತ್ತೆ ಮತ್ತೆ ಛತ್ರದ ಬಾಗಿಲ ಕಡೆ ನೋಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಆಮೇಲೆ ಯಾರು ಕೇಳಿದರೂ ಇಬ್ಬರದೂ ಒಂದೇ ಉತ್ತರ: "ಅವ್ನಿಗೂ ನನ್ಗೂ ಯಾವ ಸಂಬಂಧಾನೂ ಇಲ್ಲ." ನಾನೂ ಭಾವನ ಹೆಂಡತಿ ಪಟಾಲಮ್ಮಕ್ಕನೂ ಮಾತ್ರ ಬೀದಿನಲ್ಲಿಯ ಹತ್ತಿರ ಎಂದಿನಂತೆ ಮಾತಾಡಿಕೊಂಡಿದ್ದೆವು. ಗಂಡಸರ ಜಗಳವನ್ನು ಹೆಂಗಸರೂ ನಡೆಸಿಕೊಂಡು ಹೋದರೆ ಒಗ್ಗರಣೆಗೆ ಕರಿಬೇವು ಯಾರು ಕೊಡುತ್ತಾರೆ?

ಅಣ್ಣತಮ್ಮಂದಿರಿಗೆ ಮಾತಾಡಲೇಬೇಕಾದಾಗ ನಡುವೆ ಯಾರಾದರೂ ಬೇಕಿತ್ತು. ನಾನಿದ್ದರೆ ನಾನು, ಇಲ್ಲದಿದ್ದರೆ ಬೀದಿನಾಯಿ ಟೈಗರ್. "ಟೈಗರ್, ಮೋಟ್ರು ಆಫ್ ಮಾಡೋಕ್ ಹೇಳೋ, ಟ್ಯಾಂಕ್ ತುಂಬಿ ಸುರೀತಿದೆ" ಎಂದು ಭಾವ ಹೇಳಿದರೆ ನಮ್ಮವರು ಎದ್ದು ಹೋಗಿ ಆಫ್ ಮಾಡುತ್ತಿದ್ದರು. ಆ ನಾಯಿಗೆ ಎರಡೂ ಮನೆಯಲ್ಲಿ ಊಟವಿತ್ತು. ದುಡಿದು ತಿನ್ನುತ್ತಿತ್ತು, ತಪ್ಪೇನಿಲ್ಲ.

ಸಂಬಂಧವಿಲ್ಲ ಎಂಬ ಇಬ್ಬರ ಮಾತನ್ನೂ ಅಸ್ಗರ್ ಸಾಹೇಬರು ಹಾಗೆಯೇ ನಂಬಿದರು. ಒಂದೇ ಥರದ ಎರಡು ಗೊರವ ಹಕ್ಕಿಗಳನ್ನು ಬಾಲದ ಒಂದು ಗೆರೆಯಲ್ಲಿ ಬೇರೆ ಮಾಡಬಲ್ಲ ಆ ವಿದ್ವಾಂಸರಿಗೆ ಈ ಇಬ್ಬರ ಒಂದೇ ಅಚ್ಚಿನ ಮೂಗು ಕಾಣಲಿಲ್ಲ. ಜಮೀನು ಜಗಳದ ನೆರೆಯವರು ಇರಬೇಕು ಎಂದುಕೊಂಡು ನಮ್ಮವರನ್ನು ಏರಿಯ ಮೇಲೂ ಭಾವನನ್ನು ಆಚೆ ದಡದ ಕೋಡಿಯ ಹತ್ತಿರವೂ ಕೂರಿಸಿದರು. ನಮ್ಮ ಕೆರೆಯ ನಾಮದ ಕೋಳಿಗಳಿಗೆ ಒಂದು ಕಡೆ ನಿಲ್ಲುವ ಸ್ವಭಾವವಿಲ್ಲ. ಕರೀ ಮೈ, ಹಣೆಯ ಮೇಲೆ ಬಿಳೀ ನಾಮ, ಸದಾ ಗಾಬರಿ. ಏರಿಯಲ್ಲಿ ಯಾರಾದರೂ ಕೆಮ್ಮಿದರೆ ಕೋಡಿಗೆ ಓಡುತ್ತವೆ, ಕೋಡಿಯಲ್ಲಿ ಕೆಮ್ಮಿದರೆ ಏರಿಗೆ. ಅವೇ ಕೋಳಿಗಳನ್ನು ಇವರೂ ಎಣಿಸುತ್ತಿದ್ದರು, ಅವರೂ ಎಣಿಸುತ್ತಿದ್ದರು. ಸಾಹೇಬರು ಎರಡನ್ನೂ ಕೂಡಿಸಿ, "ಬರ್ಕತ್ ಇರೋ ಕೆರೆ ಇದು" ಎಂದು ಸಂತೋಷಪಡುತ್ತಿದ್ದರು.

ಗುಂಪಿನಲ್ಲಿ ಒಂದು ನಿಯಮವಿತ್ತು. ಅಪರೂಪದ ಹಕ್ಕಿ ಕಂಡರೆ ಇಬ್ಬರು ನೋಡಿರಬೇಕು, ಆ ಇಬ್ಬರು ಸಂಬಂಧಿಕರಾಗಿರಬಾರದು. ಹಿಂದೊಮ್ಮೆ ಬೇರೊಂದು ಕೆರೆಯಲ್ಲಿ ಯಾರೋ ಭಾವಮೈದುನನ ಸಾಕ್ಷಿ ಹಾಕಿಸಿ ರಾಜಹಂಸ ಬರೆಸಿದ್ದರಂತೆ. ಸಾಹೇಬರು ಹೋಗಿ ನೋಡಿದರೆ ಗಣೇಶನ ಮಂಟಪದ ಥರ್ಮಾಕೋಲ್ ತೇಲುತ್ತಿತ್ತು. ಸಾಕ್ಷಿ ಸರಿಯಾಗಿದ್ದರೆ ಮಾತ್ರ ಹಕ್ಕಿಯ ಪಕ್ಕದಲ್ಲಿ ನೋಡಿದವರ ಹೆಸರು ವರ್ಷದ ವರದಿಯಲ್ಲಿ ಅಚ್ಚಾಗುತ್ತಿತ್ತು. ನಮ್ಮವರ ಹೆಸರು ಜೀವನದಲ್ಲಿ ಅಚ್ಚಾಗಿದ್ದು ಎರಡು ಲಗ್ನಪತ್ರಿಕೆಗಳಲ್ಲಿ, ಒಂದರಿಂದ ನಾನು ಬಂದೆ, ಇನ್ನೊಂದರಿಂದ ಜಗಳ ಬಂತು. ಒಂದು ಸಲವಾದರೂ ಹಕ್ಕಿಯ ಪಕ್ಕ ತನ್ನ ಹೆಸರು ಬರಬೇಕೆಂಬ ಆಸೆ ಅವರನ್ನು ತಿನ್ನುತ್ತಿತ್ತು. ನಿದ್ದೆಯಲ್ಲೂ ಬಾತುಗಳನ್ನು ಎಣಿಸುತ್ತಿದ್ದರು.

ತೊಂಬತ್ತೆಂಟರ ಜನವರಿಯ ಆ ಭಾನುವಾರ ಮಂಜು ಕರಗುತ್ತಿದ್ದ ಹಾಗೆ ಅದು ಕಂಡಿತು. ನಾನು ಕಾಫಿ ಫ್ಲಾಸ್ಕ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಬಾತುಗಳ ನಡುವೆ ಬೂದುಬಣ್ಣದ ಒಂದು ದೊಡ್ಡ ಹಕ್ಕಿ, ಬಿಳೀ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ನಮ್ಮವರು ನನ್ನ ಭುಜ ಹಿಡಿದು ಅಲುಗಾಡಿಸಿದರು.

"ಲೇ ಯಮುನಾ, ಪಟ್ಟೆತಲೆ ಹೆಬ್ಬಾತು ಕಣೇ! ಹಿಮಾಲಯ ದಾಟ್ಕೊಂಡ್ ಬರೋದು!"

"ಅಷ್ಟು ದೂರದಿಂದ ಬಂದು ನಮ್ಮೂರ ಕೆಸರೇ ಬೇಕಾಯ್ತಾ ಅದಕ್ಕೆ?" ಎಂದೆ. ಆದರೆ ನಿಜ ಹೇಳಬೇಕೆಂದರೆ ನನಗೂ ಮೈ ಜುಮ್ಮೆಂದಿತು.

ಕೂಡಲೇ ಅವರ ಮುಖ ಬಾಡಿತು. ಸಾಹೇಬರು ಬೇರೆ ಕೆರೆ ಮುಗಿಸಿಕೊಂಡು ಬರುವುದು ತಡ. ನಾನು ಹೆಂಡತಿ, ನನ್ನ ಸಾಕ್ಷಿ ನಡೆಯುವುದಿಲ್ಲ. ಕೆರೆಯಲ್ಲಿ ಇನ್ನಿರುವುದು ಭಾವ ಒಬ್ಬರೇ, ಅವರಿರುವ ಕಡೆಯಿಂದ ನೋಡಿದರೆ ಹೆಬ್ಬಾತಿಗೆ ಜೊಂಡು ಅಡ್ಡ.

"ಅವ್ನಿಗೂ ನಂಗೂ ಸಂಬಂಧ ಇಲ್ಲ ಅಂತ ಊರಿಗೇ ಗೊತ್ತು. ಆದ್ರಿಂದ ಅವ್ನ ಸಾಕ್ಷಿ ನಡೀತದೆ" ಎಂದರು ನಮ್ಮವರು, ದೊಡ್ಡ ಲಾಯರಿನಂತೆ. "ಹೋಗಿ ಕರ್ಕೊಂಡ್ ಬಾ."

ನಾನು ಕೆರೆ ಸುತ್ತಿಕೊಂಡು ಹೋಗಿ ಹೇಳಿದೆ. ಭಾವ ದುರ್ಬೀನು ಇಳಿಸಲಿಲ್ಲ. "ಕರೆದ್ರೆ ಬರ್ತೀವಮ್ಮ. ಕರೆಯೋಕೆ ಒಂದು ರೀತಿ ಇದೆ. ಆಳು ಕಳ್ಸೋದಲ್ಲ, ಪೋಸ್ಟಲ್ಲಿ ಹಾಕೋದೂ ಅಲ್ಲ."

ನಾನು ಮತ್ತೆ ಕೆರೆ ಸುತ್ತಿಕೊಂಡು ಬಂದೆ. ಈ ಇಬ್ಬರ ಸಂಬಂಧವಿಲ್ಲದಿರುವಿಕೆಯಿಂದ ನನ್ನ ಮಂಡಿ ಸವೆಯುತ್ತಿತ್ತು. "ರೀ, ಹೆಬ್ಬಾತು ಬೇಕಾದ್ರೆ ನೀವೇ ಹೋಗಿ. ನಾನಿನ್ನು ಒಂದ್ ಹೆಜ್ಜೆ ಇಡಲ್ಲ" ಎಂದು ಕೂತುಬಿಟ್ಟೆ.

ನಮ್ಮವರು ಹೆಬ್ಬಾತನ್ನು ನೋಡಿದರು, ಆಚೆ ದಡವನ್ನು ನೋಡಿದರು, ಶರ್ಟಿನ ಗುಂಡಿ ಹಾಕಿಕೊಂಡು ಹೊರಟರು. ನೋಡದೆ ಇರಲಾರದೆ ನಾನೂ ಹಿಂದೆ ಹೋದೆ. ಭಾವನ ಎದುರು ಹೋಗಿ ನಿಂತು, ಪಕ್ಕದಲ್ಲಿ ಮಲಗಿದ್ದ ನಾಯಿಗೆ ಹೇಳಿದರು:

"ಟೈಗರ್, ಆ ಕಡೆ ಒಂದು ಹೆಬ್ಬಾತು ಬಂದಿದೆ. ದೊಡ್ಡೋರು ಬಂದು ನೋಡ್ಬೇಕು."

ಭಾವ ನಾಯಿಯನ್ನೇ ಕೇಳಿದರು: "ಒಬ್ಬರೇ ಬರ್ಬೇಕೋ, ಸಕುಟುಂಬ ಸಪರಿವಾರ ಸಮೇತಾನೋ? ಕೇಳೋ."

"ಹೇಗಾದ್ರೂ ಬರ್ಲಿ, ಬೇಗ ಬರ್ಲಿ ಅನ್ನೋ!"

ಭಾವ ಎದ್ದರು, ಹಿಂದೆಯೇ ಟೈಗರ್ ಕೂಡ. ಏರಿಗೆ ಬಂದು ತಮ್ಮ ಉದ್ದದ ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಕತ್ತಿನಿಂದ ತೆಗೆದು, ಟೈಗರ್‌ನ ತಲೆಯ ಮೇಲಿಂದ ನಮ್ಮವರಿಗೆ ಚಾಚಿದರು. "ಎರಡು ಕಣ್ಣಲ್ಲೂ ನೋಡೋಕ್ ಹೇಳೋ. ಜೀವಮಾನಕ್ಕೊಂದ್ಸಲ ಬರೋದು." ನಮ್ಮವರು ತೆಗೆದುಕೊಂಡರು. ಆಮೇಲೆ ದುರ್ಬೀನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಬರುತ್ತಿತ್ತು.

ಹೂಳು ತೆಗೆಯುವ ಟ್ರಾಕ್ಟರ್ ಗುಡುಗಿಕೊಂಡು ಬಂತು. ಹೆಬ್ಬಾತು ಎದ್ದು, ಕೆರೆಗೊಂದು ಸುತ್ತು ಹಾಕಿ, ಹೊಸಕೋಟೆ ಕಡೆ ಹಾರಿಹೋಯಿತು. ಅದು ಮಾಯವಾದ ಮೇಲೆ ಅಸ್ಗರ್ ಸಾಹೇಬರ ಸ್ಕೂಟರು ಬಂತು.

ವಿಷಯ ಕೇಳಿ ಸಾಹೇಬರು ಹೆಲ್ಮೆಟ್ ತೆಗೆಯುವುದನ್ನೂ ಮರೆತರು. "ಮಾಷಾ ಅಲ್ಲಾ! ಈ ಕೆರೆಗೆ ಇದೇ ಫಸ್ಟ್ ಟೈಮು, ಮುನಿಆಂಜನಪ್ಪೋರೆ! ಇನ್ನೊಬ್ರು ಯಾರು ನೋಡಿದ್ದು?"

"ನಾನು" ಎಂದರು ಭಾವ.

"ಬಹುತ್ ಅಚ್ಛಾ. ಬೇಜಾರ್ ಮಾಡ್ಕೋಬೇಡಿ, ರೂಲ್ ಇದೆ, ಕೇಳ್ಲೇಬೇಕು. ನಿಮ್ಮಿಬ್ರಿಗೂ ರಿಶ್ತಾ, ಸಂಬಂಧ ಏನೂ ಇಲ್ಲ ತಾನೇ?"

ಆರು ವರ್ಷ ಊರಿಗೆಲ್ಲ ಸಾರಿದ ಮಾತು. ಈಗ ಒಂದು ಸಲ ಹೇಳಿದರೆ ಸಾಕು. ನಮ್ಮವರು ಬಗ್ಗಿ ಟೈಗರ್‌ನ ಕಿವಿ ತುರಿಸತೊಡಗಿದರು. ಭಾವ ನೀರಿನ ಕಡೆ ನೋಡುತ್ತಾ ಮೆತ್ತಗೆ ಹೇಳಿದರು:

"ಏನೂ ಇಲ್ಲ ಸಾರ್. ಬರ್ಕೊಳ್ಳಿ."

ಇಷ್ಟು ವರ್ಷ ಸಿಟ್ಟಿನಲ್ಲಿ ಹೇಳಿದ್ದರು. ಇವತ್ತು ಶ್ವೇತಳ ಮದುವೆಗೆ ಹಾಕದ ಮುಯ್ಯಿಯನ್ನು ತಂದು ಹಾಕಿದ ಹಾಗೆ ಹೇಳಿದರು. ಸಾಹೇಬರ ಪೆನ್ನು ಓಡತೊಡಗಿತು. ಮುನಿಆಂಜನಪ್ಪ ಎಂದು ಬರೆಯುವಷ್ಟರಲ್ಲಿ ನಮ್ಮವರು ಅವರ ಕೈ ಹಿಡಿದುಕೊಂಡರು.

"ಹೊಡೆದ್ಹಾಕಿ ಸಾರ್. ಸಂಬಂಧ ಇದೆ. ಇವ್ನು ನಮ್ಮಣ್ಣ. ನಮ್ ದೊಡ್ಡಪ್ಪನ ಮಗ."

ಸಾಹೇಬರು ಇಬ್ಬರನ್ನೂ ಸರದಿಯಂತೆ ನೋಡಿದರು. "ಅರೇ..." ಎಂದರು ಕೊನೆಗೆ, "ಮೂಗು!"

ಭಾವ ಸಿಡಿದರು. ಟೈಗರ್‌ನ ಕಡೆ ತಿರುಗಲೂ ಇಲ್ಲ. "ಬುದ್ಧಿ ಇದೆಯೇನೋ ನಿಂಗೆ? ಕೈಗೆ ಬಂದಿದ್ ಹೆಬ್ಬಾತು ಕಳ್ಕೊಂಡ್ಯಲ್ಲೋ! ಸಂಬಂಧಾನ ನಾಳೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ನನ್ ಮುಂದೇನೇ ನಿಂತ್ಕೊಂಡು ಏನೂ ಇಲ್ಲ ಅಂತೀಯಾ? ಹೆಂಗಣ್ಣ ಬಾಯಿ ಬಂತು ನಿಂಗೆ?"

"ನಿನ್ ಹೆಸರು ಬರ್ಲಿ ಅಂತ ಅಂದ್ನೋ, ಮುಠ್ಠಾಳ!"

ಟೈಗರ್ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, ಕೆಲಸ ಹೋಯಿತೆಂದು ತಿಳಿದು ಮಲಗಿತು. ಬೈಗುಳ ಮುಗಿದ ಮೇಲೆ ನಮ್ಮವರು ನೆಲ ನೋಡುತ್ತಾ ಹೇಳಿದರು: "ಅಣ್ಣ, ಮನೆಗೆ ಬಾ. ಇಡ್ಲಿ ಮಾಡಿದಾಳೆ. ಅತ್ಗೇನೂ ಕರ್ಕೊಂಡ್ ಬಾ."

"ಇದು ಬಾಯಲ್ಲಿ ಕರೆದಿದ್ದು ತಾನೇ? ಆಮೇಲೆ ಪೋಸ್ಟಲ್ಲೇನೂ ಬರಲ್ವಲ್ಲ?" ಎಂದು ಕೇಳಿಕೊಂಡೇ ಭಾವ ಹೆಜ್ಜೆ ಹಾಕಿದರು. ಸಾಹೇಬರೂ ಬಂದರು. ಇಡ್ಲಿ ಸಾಲದೆ ನಾನು ಮತ್ತೆ ಒಲೆ ಹಚ್ಚಿದೆ.

ಆ ವರ್ಷದ ವರದಿಯಲ್ಲಿ ಹೆಬ್ಬಾತೂ ಬರಲಿಲ್ಲ, ನಮ್ಮವರ ಹೆಸರೂ ಬರಲಿಲ್ಲ. ಮುಂದಿನ ಜನವರಿಯಲ್ಲಿ ಅಣ್ಣತಮ್ಮಂದಿರು ಏರಿಯ ಮೇಲೆ ಒಂದೇ ಚಾಪೆ ಹಾಸಿಕೊಂಡು, ಒಂದೇ ದುರ್ಬೀನಿನಲ್ಲಿ ಕೆರೆಯನ್ನೆಲ್ಲ ಎಣಿಸಿದರು. ಸಾಹೇಬರು ಲೆಕ್ಕ ನೋಡಿ ಬೆಚ್ಚಿಬಿದ್ದರು.

"ಯಾ ಅಲ್ಲಾ! ನಾಮದ ಕೋಳಿ ಅರ್ಧಕ್ಕರ್ಧ ಕಮ್ಮಿ! ಏನಾಯ್ತು ನಿಮ್ ಕೆರೆಗೆ?"

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಈ ಸಲ ಚಳಿ ಸಾಲ್ದು ಸಾರ್, ಬಂದಿಲ್ಲ" ಎಂದರು ಭಾವ. "ಹೌದು ಸಾರ್, ನಾನೂ ನೋಡಿದೀನಿ, ಬಂದಿಲ್ಲ" ಎಂದರು ನಮ್ಮವರು. ಸಾಹೇಬರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಆ ಒಂದು ಮಾತಿಗೆ ಮಾತ್ರ ಸಂಬಂಧಿಕರ ಸಾಕ್ಷಿ ನಡೆಯಿತು.