ಹೊಂಗೆಎಣ್ಣೆಯ ಬಸ್ಸು

ಯತ್ತಪ್ಪನ ಬಸ್ಸಿಗೆ ಡೀಸೆಲ್ ಇರಲಿಲ್ಲ. ಎಪ್ಪತ್ತೊಂಬತ್ತರ ಆ ಡಿಸೆಂಬರಿನಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಎಲ್ಲಿಯೂ ಇರಲಿಲ್ಲ. ಬಡವನಹಳ್ಳಿಯಿಂದ ಮಧುಗಿರಿಗೆ ಓಡುತ್ತಿದ್ದ ಬಸ್ಸು ಹನ್ನೊಂದು ದಿನದಿಂದ ಹುಣಸೆಮರದಡಿ ನಿಂತಿತ್ತು. ಮಾಲೀಕ ಪರ್ವತಯ್ಯ ಮುಲಾಜಿಲ್ಲದೆ ಹೇಳಿದ್ದ.

"ಸೋಮವಾರ ಮಧುಗಿರಿ ಸ್ಟ್ಯಾಂಡಿಗೆ ಗಾಡಿ ಬರ್ನಿಲ್ಲ ಅಂದ್ರೆ ಶಿರಾದ ಗುಜರಿಗೆ ಕೊಟ್ಬುಡ್ತೀನಿ ಕಣಯ್ಯ. ನಿಂತಿರೋ ಬಸ್ಸು ಇಲಿ ಸಾಕೋಕೆ ಲಾಯಕ್ಕು."

ಹದಿನಾಲ್ಕು ವರ್ಷ ಅದೇ ಸ್ಟಿಯರಿಂಗ್ ಹಿಡಿದವನಿಗೆ ಬೇರೆ ಕಸುಬು ತಿಳಿಯದು. ಕುರಿ ಕಾಯುವುದನ್ನೂ ಮರೆತಿದ್ದ.

ಹಿಂದೊಮ್ಮೆ ಅವನು ತೋಟದ ಡೀಸೆಲ್ ಪಂಪನ್ನು ಹೊಂಗೆಎಣ್ಣೆಯಲ್ಲಿ ಓಡಿಸಿ ನೋಡಿದ್ದ. ಓಡಿತ್ತು. ಭಾನುವಾರ ಗೊಲ್ಲರಹಟ್ಟಿಗೆ ಹೋಗಿ ಅಕ್ಕ ನಾಗಕ್ಕನನ್ನು ಹೊಂಗೆಎಣ್ಣೆ ಕೇಳಿದ. ಹಟ್ಟಿಯ ಹೆಂಗಸರು ಪ್ರತಿ ಬೇಸಿಗೆ ಕೆರೆ ಏರಿಯ ಹೊಂಗೆಬೀಜ ಆಯ್ದು, ಗಾಣಕ್ಕೆ ಹಾಕಿಸಿ, ವರ್ಷದ ದೀಪದೆಣ್ಣೆ ಕೂಡಿಡುತ್ತಿದ್ದರು.

"ಬಸ್ಸಿಗೆ ದೀಪದೆಣ್ಣೆ ಕುಡಿಸ್ತೀಯೇನ್ಲಾ? ನಿನ್ ತಲೆಗೆ ಹಚ್ಕೊ, ತಣ್ಣಗಾಯ್ತದೆ" ಎಂದಳು ನಾಗಕ್ಕ. ಆದರೂ ಸಂಜೆಯೊಳಗೆ ಹದಿನಾರು ಮನೆ ತಿರುಗಿ ಮೂರು ಡಬ್ಬ ತುಂಬಿಸಿ ತಂದಳು.

ಸೋಮವಾರ ಬೆಳಿಗ್ಗೆ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಡೀಸೆಲ್ಲಿನಲ್ಲಿ ಎಂಜಿನ್ ಹೊತ್ತಿಸಿ, ಅದು ಕಾದ ಮೇಲೆ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಸುರಿದ. ಬಸ್ಸು ಕೆಮ್ಮಿತು, ಆಮೇಲೆ ಹೊರಟಿತು. ನಾಗಕ್ಕನೂ ಸೇರಿ ನಲವತ್ತು ಜನ, ಎರಡು ಮೇಕೆ. ಹಿಂದೆ ಎಂದಿನ ಕರಿ ಹೊಗೆ ಇರಲಿಲ್ಲ.

ನಾಲ್ಕು ಮೈಲಿಗೆ ಏರಿನಲ್ಲಿ ನಿಂತುಹೋಯಿತು.

ಯತ್ತಪ್ಪ ಇಳಿದು ಫಿಲ್ಟರ್ ಬಿಚ್ಚಿದ. ಒಳಗೆ ಹಳದಿ ಗಟ್ಟಿ, ತುಪ್ಪದ ಹಾಗೆ.

"ಅಕ್ಕ, ಇದ್ರಾಗೆ ಏನ್ ಹಾಕಿದ್ರಿ?"

"ಹೊಂಗೆ ಸಾಲ್ಲಿಲ್ಲ, ಇಪ್ಪೆಬೀಜದ ಎಣ್ಣೆನೂ ಸುರಿದ್ವಿ" ಎಂದಳು ನಾಗಕ್ಕ ಕಿಟಕಿಯಿಂದಲೇ. "ದೀಪ ಯಾವತ್ತಾನ ಇದ್ಯಾವ ಎಣ್ಣೆ ಅಂತ ಕೇಳೈತೇನ್ಲಾ?"

"ಇಪ್ಪೆ ಚಳಿಗೆ ಹೆಪ್ಪುಗಟ್ಟೈತೆ ಕಣಕ್ಕ."

"ನಮ್ಮನೇಲೂ ಗಟ್ಟಿಯಾಯ್ತದೆ. ಒಲೆ ಪಕ್ಕ ಮಡಗ್ತೀವಿ. ಅಷ್ಟೂ ಗೊತ್ತಿಲ್ವಾ ಡ್ರೈವರಿಗೆ?"

ಯತ್ತಪ್ಪ ತಿರುಗಿ ಬಸ್ಸಿನೊಳಗೆ ನೋಡಿದ. ಅವನ ಸೀಟಿನ ಪಕ್ಕದಲ್ಲೇ ಇತ್ತು ಎಂಜಿನ್ನಿನ ಬಾನೆಟ್ಟು, ಬಸ್ಸಿನೊಳಗಿನ ಒಲೆ.

ಜನ ಇಳಿದು ಮೂರು ಕಲ್ಲಿಟ್ಟು ಬೆಂಕಿ ಹಾಕಿದರು. ಟ್ಯಾಂಕಿನ ಎಣ್ಣೆ ಬಸಿದು ಬಿಸಿ ಮಾಡಿ ಮತ್ತೆ ಡಬ್ಬಗಳಿಗೆ ತುಂಬಿಸಿದರು. ಯತ್ತಪ್ಪ ಒಂದು ಡಬ್ಬವನ್ನು ಬಾನೆಟ್ಟಿನ ಮೇಲೆ ಹಗ್ಗದಲ್ಲಿ ಬಿಗಿದ. ಅಲ್ಲಿಂದ ಎಂಜಿನ್ನಿಗೆ ಗೇಣುದ್ದದ ಪೈಪು. ಫಿಲ್ಟರಿಗೆ ಬಿಸಿನೀರು ಸುರಿದು, ಪೈಪಿನ ಗಾಳಿ ಹೊರಹಾಕಿ, ಎಲ್ಲರನ್ನೂ ಇಳಿಜಾರಿನತ್ತ ಹಿಂದಕ್ಕೆ ತಳ್ಳಲು ಹಚ್ಚಿದ. ಎಂಜಿನ್ ಹೊತ್ತಿತು. ಮತ್ತೆ ನಿಲ್ಲಲಿಲ್ಲ.

ಬೆಟ್ಟದ ಕೆಳಗಿನ ಮಧುಗಿರಿ ಸ್ಟ್ಯಾಂಡಿನಲ್ಲಿ ಒಂಬತ್ತು ಬಸ್ಸು ಸಾಲಾಗಿ ನಿದ್ದೆ ಹೊಡೆಯುತ್ತಿದ್ದವು. ಯತ್ತಪ್ಪ ಹಾರನ್ ಒತ್ತಿಕೊಂಡೇ ಒಳಗೆ ನುಗ್ಗಿದ. ಡ್ರೈವರುಗಳು ಬೀಡಿ ಬಿಸಾಡಿ ಓಡಿ ಬಂದರು. ಗುಜರಿಯವನ ಜೊತೆ ಕಾಯುತ್ತಿದ್ದ ಪರ್ವತಯ್ಯ ಮೂಗು ಮುಚ್ಚಿಕೊಂಡ.

"ಏನಯ್ಯ ಇದು, ಅರಳೀಕಟ್ಟೆ ದೀಪದ ವಾಸನೆ?"

"ನಿಮ್ ಬಸ್ಸು ಸಾವ್ಕಾರ್ರೆ."

ಪರ್ವತಯ್ಯ ಡಬ್ಬ ಮುಟ್ಟಿ ನೋಡಿ ಕೈ ಸುಟ್ಟುಕೊಂಡ. ಗುಜರಿಯವನನ್ನು ಕಳಿಸಿಬಿಟ್ಟ. "ವಾಪಸ್ ಟ್ರಿಪ್ಪು ಎಷ್ಟೊತ್ತಿಗೆ?" ಎಂದ.

ಡೀಸೆಲ್ ಬರುವವರೆಗೆ ಇಪ್ಪತ್ತಾರು ದಿನ ಆ ದಾರಿಯಲ್ಲಿ ಓಡಿದ್ದು ಅದೊಂದೇ ಬಸ್ಸು. ಹಾಳಾದದ್ದು ಐದು ಫಿಲ್ಟರು, ಎಂಜಿನ್ನಿಗೆ ಎಣ್ಣೆ ಚಿಮ್ಮುವ ಒಂದು ನಾಝಲ್ಲು. ಕೂಡಿಟ್ಟ ಎಣ್ಣೆಯೆಲ್ಲ ದಿನದಿನಕ್ಕೂ ಬಸ್ಸಿಗೆ ಹೋಗಿ, ಹದಿನಾರು ಮನೆಗಳಲ್ಲಿ ಯುಗಾದಿಯವರೆಗೆ ದೀಪವಿರಲಿಲ್ಲ.